ಗುಡಿಸಿನ ದೀರ್ಘ

ಫೆಬ್ರವರಿ 9

ಅಕ್ಕಾ,

ಕ್ಷೇಮವಾಗಿ ತಲುಪಿದೆ. ಹದಿನಾಲ್ಕು ಗಂಟೆ ರೈಲಿನಲ್ಲಿ ಕೂತು ಬಂದವಳು, ಒಂದು ಲೋಟ ನೀರೂ ಕುಡಿಯದೆ ಮೊದಲು ಮಾಡಿದ ಕೆಲಸವೆಂದರೆ ತೊಟ್ಟ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿದ್ದು. ಎರಡು ಸಲ ಒಗೆದಿದ್ದೇನೆ. ನಿನ್ನ ಮನೆಯ ಇಲಿ ಉಚ್ಚೆಯ ವಾಸನೆ ಇನ್ನೂ ಹೋಗಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಫೋನು ರಾಶಿಯೊಳಗೆಲ್ಲೋ ಸೇರಿ, ಎರಡು ದಿನ ಹೊಡೆದುಕೊಂಡು ಸತ್ತಿತೆಂದು ನೀನೇ ನಗುತ್ತಾ ಹೇಳಿದೆ. ಅದಕ್ಕೇ ಕಾಗದ.

ನನ್ನ ಕೆಲಸವೇ ಗಲಿಜು ನೋಡುವುದು. ಹೆಲ್ತ್ ಇನ್ಸ್‌ಪೆಕ್ಟರಾಗಿ ಇಪ್ಪತ್ತಾರು ವರ್ಷ ಹೋಟೆಲುಗಳ ಅಡುಗೆಮನೆ, ಮಾಂಸದಂಗಡಿಯ ಹಿಂಬದಿ, ಹಾಸ್ಟೆಲಿನ ಕಕ್ಕಸು ಎಲ್ಲಾ ಹೊಕ್ಕು ಬಂದಿದ್ದೇನೆ. ಎಲ್ಲೂ ಮೂಗು ಮುಚ್ಚಿಕೊಂಡವಳಲ್ಲ. ನಿನ್ನ ಮನೆಯ ಬಾಗಿಲಲ್ಲಿ ನನ್ನ ಉಸಿರು ಕಟ್ಟಿತು. ಬಾಗಿಲು ಪೂರ್ತಿ ತೆರೆಯುವುದೇ ಇಲ್ಲ. ಪಕ್ಕಕ್ಕೆ ತಿರುಗಿ, ಹೊಟ್ಟೆ ಒಳಗೆಳೆದುಕೊಂಡು ತೂರಬೇಕು. ನೆಲದ ಬಣ್ಣ ಯಾವುದೆಂದು ಮರೆತೇಹೋಗಿದೆ. ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು ಮಡಿಸಿ ಇಟ್ಟಿದ್ದೇನೆ ಅನ್ನುತ್ತೀಯ. ನನ್ನ ಸೊಂಟದ ಎತ್ತರಕ್ಕಿವೆ, ಮುಟ್ಟಿದರೆ ಬೆರಳಿಗೆ ಅಂಟುತ್ತವೆ. ಮುಚ್ಚಳವಿಲ್ಲದ ಡಬ್ಬಿಗಳು ಒಂದು ಮೂಲೆಯಲ್ಲಿ, ಡಬ್ಬಿಯಿಲ್ಲದ ಮುಚ್ಚಳಗಳು ಇನ್ನೊಂದು ಮೂಲೆಯಲ್ಲಿ. ಸಕ್ಕರೆ ಡಬ್ಬಿಯ ಅಂಚಿನಲ್ಲಿ ಜಿರಲೆಯ ಮೊಟ್ಟೆ ಸಾಲಾಗಿ ಕೂತಿತ್ತು. ಅದೇ ಡಬ್ಬಿಯಿಂದ ನೀನು ನನ್ನ ಚಹಾಕ್ಕೆ ಎರಡು ಚಮಚ ಹಾಕಿದೆ.

ಊಟ ಮಾಡದೆ ಎದ್ದೆನೆಂದು ಬೇಜಾರು ಮಾಡಿಕೊಳ್ಳಬೇಡ. ರೈಲಿನಲ್ಲಿ ತಿಂದದ್ದು ಹೊಟ್ಟೆಗೆ ಆಗಿರಲಿಲ್ಲ, ಅಲ್ಲೇ ಹೇಳಿದೆನಲ್ಲ.

ಈಗ ನಾನು ಹೇಳಿದ ಹಾಗೆ ಕೇಳು. ಮೂರು ರಾಶಿ ಮಾಡು: ಇಡುವುದು, ಕೊಡುವುದು, ಎಸೆಯುವುದು. ದಿನಕ್ಕೆ ಒಂದು ಚೀಲ ಹೊರಗೆ ಹೋಗಲೇಬೇಕು. ಕೈಗವಸು, ಮಾಸ್ಕು, ಬ್ಲೀಚಿಂಗ್ ಪುಡಿ ಪಾರ್ಸೆಲ್ ಮಾಡಿದ್ದೇನೆ. ಅಷ್ಟು ಗಲಿಜಿನಲ್ಲಿ ಮನುಷ್ಯರು ಇರಬಾರದು ಅಕ್ಕಾ.

ನಿನ್ನ ತಂಗಿ

*

ಫೆಬ್ರವರಿ 21

ಸೋಪಮ್ಮನಿಗೆ ಅಕ್ಕನ ಆಶೀರ್ವಾದ.

ಆರನೇ ವಯಸ್ಸಿಗೇ ದಿನಕ್ಕೆ ಹತ್ತು ಸಲ ಕೈ ತೊಳೆದು ಮನೆಯ ಸೋಪೆಲ್ಲಾ ಕರಗಿಸುತ್ತಿದ್ದವಳಿಗೆ ಇನ್ನೇನೆಂದು ಕರೆಯಲಿ? ಪಾರ್ಸೆಲ್ ಬಂತು. ಡಬ್ಬ ತುಂಬಾ ಗಟ್ಟಿಯಾಗಿದೆ, ಮಡಿಸಿಟ್ಟಿದ್ದೇನೆ. ಕೈಗವಸೂ ಚೆನ್ನಾಗಿವೆ, ಹಾಳಾಗಬಾರದೆಂದು ತೆಗೆದಿಟ್ಟಿದ್ದೇನೆ.

ನೀನು ಹೇಳಿದಂತೆ ಮೂರು ರಾಶಿಯನ್ನೂ ಮಾಡಿದೆ. ಇಡುವ ರಾಶಿ ಸೂರು ಮುಟ್ಟಿತು. ಕೊಡುವ ರಾಶಿಯಲ್ಲಿ ನೀನು ಬಿಟ್ಟುಹೋದ ಛತ್ರಿ ಇದೆ. ಎಸೆಯುವ ರಾಶಿಗೆ ಜಾಗವೇ ಸಿಗಲಿಲ್ಲ.

ಕೋಪ ಮಾಡಿಕೊಳ್ಳಬೇಡ, ತಮಾಷೆಗೆ ಬರೆದೆ. ಡಬ್ಬಿ, ಮುಚ್ಚಳ, ಹಾಲಿನ ಪ್ಯಾಕೆಟ್ಟು ಏನಾದರೂ ಅನ್ನು, ಅನ್ನಿಸಿಕೊಳ್ಳುತ್ತೇನೆ. ಬಟ್ಟೆಯ ಸುದ್ದಿಗೆ ಮಾತ್ರ ಬರಬೇಡ. ಅದು ನನ್ನದಲ್ಲ. ಹೊಲಿಸಿಕೊಂಡು ತೆಗೆದುಕೊಂಡು ಹೋಗಲು ಬಾರದವರದ್ದು. ಅಳತೆಗೆಂದು ಹಳೆಯ ಅಂಗಿ ಕೊಟ್ಟು, ಅದನ್ನು ಮರೆತು ಹೋದವರದ್ದು. ಒಂದೊಂದಕ್ಕೂ ಚೀಟಿ ಕಟ್ಟಿ ಗಂಟು ಮಾಡಿ ಇಟ್ಟಿದ್ದೇನೆ. ಬೇರೆಯವರ ಬಟ್ಟೆಯನ್ನು ಎಸೆದ ದರ್ಜಿ ಸೂಜಿ ಮುಟ್ಟಬಾರದು. ಒಮ್ಮೆ ಒಬ್ಬಾಕೆ ಒಂಬತ್ತು ವರ್ಷ ಬಿಟ್ಟು ಬಂದು, "ಅಕ್ಕಾ, ನಂದೊಂದು ಕೋಟ್ ಇತ್ತಲ್ಲ?" ಎಂದು ಕೇಳಿದಳು. ಎರಡೇ ನಿಮಿಷದಲ್ಲಿ ತೆಗೆದುಕೊಟ್ಟೆ. ಅವಳ ಮುಖ ನೀನು ನೋಡಬೇಕಿತ್ತು.

ನಿನ್ನ ಹೊಟ್ಟೆ ಕೆಟ್ಟಿತ್ತೆಂದು ನಂಬಿದ್ದೇನೆ. ಆದರೆ ಈ ಮನೆಗೆ ಬಂದಾಗಲೆಲ್ಲಾ ಅದಕ್ಕೆ ಕೆಡುವ ಅಭ್ಯಾಸವಾಗಿದೆ. ನೀನು ಇಲ್ಲಿ ಕೂತು ಉಂಡು ಹನ್ನೊಂದು ವರ್ಷವಾಯಿತು. ಅಮ್ಮ ಹೋದಾಗ ನಿನಗೆ ಐದು, ನನಗೆ ಹದಿನೇಳು. ಅವತ್ತಿನಿಂದ ನೀನು ಕೆಲಸಕ್ಕೆ ಸೇರುವ ತನಕ ಈ ಕೈಯಿಂದಲೇ ಉಂಡೆ. ನನಗೆ ಬೇರೇನೂ ಬೇಡ. ಒಂದು ದಿನ ನನ್ನೆದುರು ಕೂತು ಹೊಟ್ಟೆ ತುಂಬ ಉಂಡು ಹೋಗು, ಸಾಕು.

ಅಕ್ಕ

*

ಮಾರ್ಚ್ 4

ಅಕ್ಕಾ,

ನಿನ್ನ ತಮಾಷೆಗೆ ನಗು ಬರಲಿಲ್ಲ, ಮೈ ಉರಿಯಿತು.

ಇವತ್ತು ಒಂದು ಬೇಕರಿಗೆ ಬೀಗ ಹಾಕಿಸಿ ಬಂದೆ. ಹಿಟ್ಟಿನ ಮೂಟೆಗೆ ಕೈ ಹಾಕಿದರೆ ಹಿಟ್ಟೇ ಮಿಸುಕಾಡುತ್ತಿತ್ತು. ಮಾಲೀಕ ಬಿಳಿ ಅಂಗಿ ತೊಟ್ಟು ನಿಂತು, "ಒಂದೇ ಒಂದು ಹುಳ ಮೇಡಂ, ಸಾಣಿಸಿದ್ರೆ ಹೋಗುತ್ತೆ" ಅಂದ. ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ನನಗೆ ನೀನು ನೆನಪಾದೆ. ಗಲಿಜಿನಲ್ಲೇ ಇದ್ದವರಿಗೆ ಅದು ಕಾಣುವುದಿಲ್ಲ, ಮೂಗೂ ಸತ್ತುಹೋಗುತ್ತದೆ.

ನಿನಗೆ ಯಾವತ್ತೂ ಹೇಳದ ಒಂದು ಮಾತು ಹೇಳುತ್ತೇನೆ. ಏಳನೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಟೀಚರ ಹತ್ತಿರ ಹೋಗಿ, "ಇವಳ ಯೂನಿಫಾರ್ಮು ಇಲಿ ಸತ್ತ ವಾಸನೆ ಬರುತ್ತೆ ಮಿಸ್" ಅಂದಳು. ಇಡೀ ತರಗತಿ ಮೂಗು ಹಿಡಿದುಕೊಂಡಿತು. ಟೀಚರು ಬೈಯಲಿಲ್ಲ, ನನ್ನನ್ನು ಕಿಟಕಿಯ ಪಕ್ಕಕ್ಕೆ ಕೂರಿಸಿದರು. ವರ್ಷವಿಡೀ ಆ ಬೆಂಚಿನಲ್ಲಿ ನಾನೊಬ್ಬಳೇ. ನೀನು ಹೊಲಿದ ಯೂನಿಫಾರ್ಮು ಅಕ್ಕಾ, ಅಷ್ಟು ಚೆಂದದ ಹೊಲಿಗೆ ಆ ಶಾಲೆಯಲ್ಲಿ ಇನ್ನೊಬ್ಬರದ್ದಿರಲಿಲ್ಲ. ಆ ವಾಸನೆಯೂ ಇನ್ನೊಬ್ಬರದ್ದಿರಲಿಲ್ಲ. ಆಗಲೇ ನಿನ್ನ ಗಂಟುಗಳು ನಾನು ಮಲಗುವ ಮಂಚದ ಕೆಳಗೆ ಸೇರಿದ್ದವು.

ಬಾರದವರು ಇನ್ನು ಬರುವುದಿಲ್ಲ. ಅರ್ಧ ಜನ ಸತ್ತೇ ಹೋಗಿರಬೇಕು. ಉಳಿದವರಿಗೆ ಆ ಅಂಗಿಯೊಳಗೆ ಒಂದು ತೋಳೂ ಹೋಗಲಿಕ್ಕಿಲ್ಲ. ತೆಗೆದು ಬಿಸಾಡು. ನಾಳೆ ಯಾರಾದರೂ ದೂರು ಕೊಟ್ಟರೆ ನಾನು ಅಡ್ಡ ಬರಲಾರೆ.

ತಂಗಿ

*

ಮಾರ್ಚ್ 30

ಸೋಪಮ್ಮ,

ಮೊನ್ನೆ ನಿಮ್ಮ ಇಲಾಖೆಯಂಥದ್ದೇ ಇಲ್ಲಿನ ಕಚೇರಿಯಿಂದ ಇಬ್ಬರು ಬಂದು ಬಾಗಿಲಿಗೆ ನೋಟೀಸು ಅಂಟಿಸಿಹೋದರು. ಏಪ್ರಿಲ್ ಹದಿನೇಳರೊಳಗೆ ಮನೆ ಚೊಕ್ಕ ಮಾಡದಿದ್ದರೆ ಬೀಗವಂತೆ. ಬೀಗ ಬಿದ್ದರೆ ಓನರ್ ಬೇರೆಯವರಿಗೆ ಬಾಡಿಗೆಗೆ ಕೊಡುತ್ತಾರೆ. ಮೂವತ್ತೆಂಟು ವರ್ಷದ ಮನೆ. ನಾನು ಎಲ್ಲಿಗೆ ಹೋಗಲಿ?

ಯಾರೋ ದೂರು ಬರೆದಿದ್ದಾರೆ. ಯಾರೋ ಏನು, ಕೆಳಗಿನ ಓನರೇ. ಮೆಟ್ಟಿಲ ಮೇಲೆ ಸಿಕ್ಕಾಗ ತಡೆಯಲಾಗಲಿಲ್ಲ, ಬಾಯಿಗೆ ಬಂದದ್ದು ಅಂದುಬಿಟ್ಟೆ. "ನಗ್ತಾ ನಗ್ತಾ ಕತ್ತು ಕುಯ್ಯೋ ಜಾತಿ ನಿಮ್ದು, ಮುಖ ತೋರಿಸ್ಬೇಡಿ ಇನ್ಮೇಲೆ" ಅಂದೆ. ಅವರು ಹಾಲಿನ ಪಾತ್ರೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ಅವರ ಹೆಂಡತಿಯೂ ನನ್ನೊಡನೆ ಮಾತು ಬಿಟ್ಟಿದ್ದಾರೆ. ಬಿಡಲಿ.

ನೀನು ಇದೇ ಕೆಲಸದವಳು. ಯಾರಿಗಾದರೂ ಒಂದು ಮಾತು ಹೇಳು. ಎರಡು ತಿಂಗಳು ಕೊಟ್ಟರೆ ಸಾಕು, ಚೀಟಿ ನೋಡಿ ಒಬ್ಬೊಬ್ಬರ ವಿಳಾಸ ಹುಡುಕಿ ಬಟ್ಟೆ ತಲುಪಿಸಿಬಿಡುತ್ತೇನೆ.

ಅಕ್ಕ

*

ಏಪ್ರಿಲ್ 6

ಅಕ್ಕಾ,

ಬೇರೆ ಊರಿನ ಕಚೇರಿಯ ಕೆಲಸದಲ್ಲಿ ನಾನು ಬಾಯಿ ಹಾಕುವಂತಿಲ್ಲ. ನೋಟೀಸಿನಲ್ಲಿ ಇರುವುದು ನಿನ್ನ ಒಳ್ಳೆಯದಕ್ಕೇ. ಎರಡು ತಿಂಗಳು ಕೇಳಬೇಡ, ಎರಡು ದಿನದಲ್ಲಿ ಮುಗಿಯುವ ಕೆಲಸ. ಕಚೇರಿಯವರನ್ನು ಕೇಳಿದರೆ ಸಾಮಾನು ಸಾಗಿಸಲು ಇಬ್ಬರನ್ನು ಕಳಿಸುತ್ತಾರೆ.

ಓನರ್ ಜೊತೆ ಜಗಳ ಬೇಡ. ದೂರು ಕೊಟ್ಟವರು ಅವರೇ ಎಂದು ಹೇಗೆ ಹೇಳುತ್ತೀಯ? ಅವರಲ್ಲದೆಯೂ ಇರಬಹುದು.

ಆಡಿಟ್ ಇದೆ, ಹೆಚ್ಚು ಬರೆಯಲು ಪುರುಸೊತ್ತಿಲ್ಲ.

ತಂಗಿ

*

ಏಪ್ರಿಲ್ 12

ಸೋಪಮ್ಮ,

ಕಚೇರಿಗೆ ಹೋಗಿದ್ದೆ. ದೂರಿನ ಕಾಗದ ನೋಡುವ ಹಕ್ಕಿದೆಯಂತೆ, ಕೇಳಿದ ಕೂಡಲೇ ಒಂದು ಪ್ರತಿ ಕೊಟ್ಟರು. ಕಂಪ್ಯೂಟರಿನಲ್ಲಿ ಹೊಡೆಸಿದ್ದು, ಹೆಸರಿಲ್ಲ, ಸಹಿಯಿಲ್ಲ. ಬರೆದವರು ಜಾಣರು.

"ಸದರಿ ಮನೆಯ ಒಳಭಾಗ ತೀರಾ ಗಲಿಜಾಗಿದ್ದು" ಎಂದು ಶುರುವಾಗುತ್ತದೆ. ಕೆಳಗೆ ಇನ್ನೂ ಮೂರು ಕಡೆ ಗಲಿಜು ಇದೆ. ನಾಲ್ಕು ಕಡೆಯೂ ದೀರ್ಘ ಇಲ್ಲ.

ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಲ್ಲಿ, ಕರಿ ಬಟ್ಟೆಯ ತುಂಡಿನ ಮೇಲೆ ನಿನಗೆ ಅಕ್ಷರ ತಿದ್ದಿಸಿದವಳು ನಾನು. "ಲಕ್ಕೆ ಗುಡಿಸು ಲಿ, ಗುಡಿಸಿನ ದೀರ್ಘ ಲೀ" ಎಂದು ಹೇಳಿಕೊಟ್ಟರೆ, ಗುಡಿಸು ಅಂದ ಕೂಡಲೇ ನೀನು ಪೊರಕೆ ತರಲು ಓಡುತ್ತಿದ್ದೆ. ನಕ್ಕು ನಕ್ಕು ಸಾಕಾಗಿ ದೀರ್ಘ ಹೇಳಿಕೊಡುವುದೇ ಮರೆತುಹೋಗುತ್ತಿತ್ತು. ಗಲೀಜು ಎಂದು ನೂರು ಸಲ ಬರೆಸಿದ್ದೇನೆ. ಫೆಬ್ರವರಿಯಲ್ಲಿ ನೀನು ಬರೆದ ಕಾಗದ ತೆಗೆದು ನೋಡಿದೆ, ಮಾರ್ಚಿನದನ್ನೂ ನೋಡಿದೆ. ನೋಡು, ಯಾವ ಕಾಗದವನ್ನೂ ಎಸೆಯದಿದ್ದದ್ದು ಒಳ್ಳೆಯದೇ ಆಯಿತು.

ಓನರ್ ಮುಖಕ್ಕೆ ನಾನು ಉಗಿಯುವುದೊಂದು ಬಾಕಿ ಇತ್ತು.

ಅಕ್ಕ

*

ಮೇ 2

ಅಕ್ಕಾ,

ಇಪ್ಪತ್ತು ದಿನ ಆಯಿತು. ನಾಲ್ಕು ಕಾಗದ ಬರೆದು ಹರಿದೆ. ಹದಿನೇಳು ಕಳೆದು ಎರಡು ವಾರವಾದರೂ ನಿನ್ನಿಂದ ಒಂದು ಸಾಲು ಬರಲಿಲ್ಲ. ಬೀಗ ಬಿತ್ತೋ, ಬೀದಿಗೆ ಬಿದ್ದೆಯೋ, ಇದ್ದೀಯೋ ಇಲ್ಲವೋ ಎಂದು ಗೊತ್ತಾಗದೆ ಕಚೇರಿಯ ಕುರ್ಚಿಯಲ್ಲಿ ಕೂರಲಾಗುತ್ತಿಲ್ಲ.

ಹೌದು, ನಾನೇ. ನಮ್ಮ ಗುಮಾಸ್ತ ದಿನವೂ ನನ್ನ ಕಾಗುಣಿತ ತಿದ್ದಿಕೊಡುತ್ತಾನೆ. ಆ ಒಂದು ಕಾಗದವನ್ನು ಅವನಿಗೆ ತೋರಿಸಲಾಗಲಿಲ್ಲ.

ಅವತ್ತು ನನ್ನ ಹೊಟ್ಟೆ ಕೆಟ್ಟಿರಲಿಲ್ಲ. ನಿನ್ನ ಮೆಟ್ಟಿಲಿಳಿದು, ಬೀದಿ ತಿರುಗಿ, ಸೈಕಲ್ ಅಂಗಡಿಯ ಹಿಂದಿನ ಮೋರಿಯಲ್ಲಿ ವಾಂತಿ ಮಾಡಿಕೊಂಡೆ. ನೀನು ಕೊಟ್ಟ ಚಹಾ ಅಷ್ಟೂ ಹೊರಗೆ ಬಂತು. ಬಾಯಿ ತೊಳೆದುಕೊಂಡು, ಬೀದಿಯ ತಿರುವಿಗೆ ವಾಪಸು ಬಂದು ತಲೆ ಎತ್ತಿದರೆ ನೀನು ಕಿಟಕಿಯಿಂದ ಕೈ ಬೀಸುತ್ತಿದ್ದೆ. ನಾನೂ ಕೈ ಬೀಸಿದೆ. ನನ್ನ ಮೇಲೆ ನನಗೆ ಅಷ್ಟು ಹೇಸಿಗೆ ಇನ್ನೆಂದೂ ಆಗಿಲ್ಲ.

ನೀನು ಹೇಳಿದರೆ ಕೇಳುವವಳಲ್ಲ, ಹೆದರಿಸಿದರೆ ಕೇಳುತ್ತೀಯ ಎಂದುಕೊಂಡೆ. ಒಂದು ದಿನ ಆ ಗಂಟುಗಳು ಜಾರಿ ನಿನ್ನ ಮೇಲೆ ಬಿದ್ದರೆ ನನಗೆ ಗೊತ್ತಾಗುವುದು ವಾಸನೆ ಬಂದ ಮೇಲೆ. ಅದನ್ನು ನೆನೆದು ಬರೆದೆ. ಇಷ್ಟು ಹೇಳಿದರೆ ನಾನು ಒಳ್ಳೆಯವಳಾಗಿಬಿಡುತ್ತೇನೆ, ಆದ್ದರಿಂದ ಉಳಿದದ್ದನ್ನೂ ಹೇಳುತ್ತೇನೆ. ಎಲ್ಲಾ ಬಿಟ್ಟು ನನ್ನ ಮನೆಗೆ ಬಾ ಎಂದು ಬರೆಯಬಹುದಿತ್ತು. ಇಲ್ಲಿ ಎರಡು ಕೋಣೆ ಖಾಲಿ ಇವೆ. ನೀನು ಬಂದರೆ ಆ ಗಲೀಜೂ ನಿನ್ನ ಹಿಂದೆ ಬರುತ್ತದೆಂದು ಹೆದರಿ ಬರೆಯಲಿಲ್ಲ. ದೂರು ಬರೆಯುವುದು ಅದಕ್ಕಿಂತ ಸುಲಭವಾಗಿ ಕಂಡಿತು.

ಬೈದಾದರೂ ಎರಡು ಸಾಲು ಬರಿ.

ನಿನ್ನ ತಂಗಿ

*

ಮೇ 11

ಸೋಪಮ್ಮ,

ಬದುಕಿದ್ದೇನೆ. ಬೀಗ ಬಿದ್ದಿಲ್ಲ. ಏಪ್ರಿಲ್ ಹದಿನಾರರ ಸಂಜೆಗೇ ಮನೆ ಖಾಲಿಯಾಯಿತು. ನಿನಗೆ ಹೇಳಬೇಕೆನಿಸಲಿಲ್ಲ, ಅದಕ್ಕೇ ಬರೆಯಲಿಲ್ಲ. ಬೆಂಕಿ ಬಿದ್ದ ಹಾಗಿತ್ತು ಹೊಟ್ಟೆಯಲ್ಲಿ. ಈಗ ಸ್ವಲ್ಪ ತಣ್ಣಗಾಗಿದೆ.

ಕಚೇರಿಯಿಂದ ಇಬ್ಬರು ಹೆಂಗಸರು ಬಂದರು, ಕಸ ಸಾಗಿಸುವವರು. ಓನರ್ ಕೆಳಗಿನಿಂದ ಹಗ್ಗ ತಂದರು. ಅವರ ಮುಖ ನೋಡಲಾಗದೆ ತಲೆ ತಗ್ಗಿಸಿ, "ಅವತ್ತು ತಪ್ಪು ಮಾತಾಡ್ದೆ, ಮನಸ್ಸಲ್ಲಿ ಇಟ್ಕೋಬೇಡಿ" ಅಂದೆ. ಅವರು ಚೀಲಕ್ಕೆ ಹಗ್ಗ ಬಿಗಿಯುತ್ತಲೇ, "ಹದಿನೈದು ವರ್ಷದಿಂದ ಮೂಗು ಮುಚ್ಕೊಂಡು ಮೆಟ್ಲು ಹತ್ತಿಳೀತಾ ಇದ್ದೀನಿ ಕಣಮ್ಮ. ದೂರು ಕೊಡೋ ಹಾಗಿದ್ರೆ ಇಷ್ಟು ದಿನ ಕಾಯ್ತಿದ್ನಾ?" ಅಂದರು. ದೂರು ಯಾರದ್ದೆಂದು ನಾನು ಹೇಳಲಿಲ್ಲ. ಅಷ್ಟು ಮರ್ಯಾದೆ ನಿನಗೆ ಉಳಿಸಿದ್ದೇನೆ.

ಡಬ್ಬಿ, ಮುಚ್ಚಳ, ಪ್ಯಾಕೆಟ್ಟು, ಹಳೆಯ ಕಾಗದ, ಮುರಿದ ಕೊಡೆ, ಎಲ್ಲಾ ಹೋಯಿತು. ಜೀವ ಕಿತ್ತ ಹಾಗಾಯಿತು, ಆದರೂ ತಡೆದುಕೊಂಡೆ. ಕೊನೆಗೆ ಬಟ್ಟೆಯ ಗಂಟುಗಳು. "ಇವನ್ನ ನಾನೇ ಬಿಚ್ತೀನಿ, ಚೀಟಿ ನೋಡ್ಬೇಕು" ಅಂದೆ.

ಮೊದಲ ಗಂಟು ಒಬ್ಬರ ಮದುವೆಯ ಕೋಟು. ಒಳಪದರ ಹೊಲಿಯಲು ಮೂರು ದಿನ ಹಿಡಿದಿತ್ತು. ಕೈ ಹಾಕಿದೆ, ಬಿಸಿಯಾಗಿತ್ತು. ಬಿಚ್ಚಿದರೆ ಒಳಜೇಬಿನಲ್ಲಿ ಇಲಿಮರಿಗಳು, ಕೂದಲಿಲ್ಲದ ಕೆಂಪು ಮುದ್ದೆ, ಏಳೋ ಎಂಟೋ, ಕಣ್ಣು ಬಿಡದೆ ಹೊರಳುತ್ತಿದ್ದವು. ಎರಡನೇ ಗಂಟು ಸೂರಿನ ನೀರು ಕುಡಿದು ಕೊಳೆತು ಕಂದು ಲೋಳೆಯಾಗಿತ್ತು, ಹಿಂಡಿದರೆ ಇಳಿಯುತ್ತಿತ್ತು. ಮೂರನೆಯದು ಒಂದು ಮಗುವಿನ ಹಳದಿ ಫ್ರಾಕು. ಕೊಡವಿದರೆ ಪುಡಿಯಾಗಿ ನನ್ನ ಮೂಗು, ಬಾಯಿಯೊಳಗೆ ಹೋಯಿತು. ಅದರಲ್ಲಿ ಬಿಳಿ ಹುಳಗಳಿದ್ದವು, ನಾಲಿಗೆಯ ಮೇಲೆ ಗೊತ್ತಾಯಿತು. ಚೀಟಿಗಳು ಮಾತ್ರ ನೆಟ್ಟಗಿದ್ದವು. ಹೆಸರು, ತಾರೀಖು, ಅಳತೆ, ಎಲ್ಲಾ ನನ್ನದೇ ಅಕ್ಷರ.

ನನಗೆ ಮೊದಲ ಸಲ ವಾಸನೆ ಬಂತು, ಸೋಪಮ್ಮ. ಇಷ್ಟು ವರ್ಷ ಎಲ್ಲಿತ್ತೋ ಗೊತ್ತಿಲ್ಲ, ಒಮ್ಮೆಗೇ ಬಂತು. ಓಡಿಹೋಗಿ ಬಚ್ಚಲಲ್ಲಿ ಕಾರಿಕೊಂಡೆ. ಆ ಹೆಂಗಸರಲ್ಲೊಬ್ಬಳು ನನ್ನ ಹಣೆ ಹಿಡಿದುಕೊಂಡಳು. ಕಾಯ್ದಿಟ್ಟಿದ್ದೇನೆ, ಕಾಯ್ದಿಟ್ಟಿದ್ದೇನೆ ಎಂದು ಮೆರೆಯುತ್ತಿದ್ದೆನಲ್ಲ. ಅವರು ಬರಲಿಲ್ಲವೆಂದು ಬೈದುಕೊಳ್ಳುತ್ತಿದ್ದೆ. ಬಂದಿದ್ದರೆ ಏನು ಕೊಡುತ್ತಿದ್ದೆ? ನನ್ನನ್ನು ನಂಬಿ ಕೊಟ್ಟ ಬಟ್ಟೆಯನ್ನು ಕೊಳೆಸಿ ಅದರ ಪಕ್ಕದಲ್ಲೇ ಉಂಡು ಮಲಗಿದವಳು ನಾನು. ಥೂ.

ಉಳಿದ ಗಂಟುಗಳನ್ನು ಬಿಚ್ಚಲಿಲ್ಲ. ಹಾಗೇ ಕಿಟಕಿಯಿಂದ ಇಳಿಸಿದರು.

ನಾಲ್ಕು ದಿನ ಫಿನಾಯಿಲ್ ಹಾಕಿ ತಿಕ್ಕಿದೆ. ಗೋಡೆಗೆ ಸುಣ್ಣ ಬಳಿಸಿದೆ. ನೆಲ ಹಸಿರು ಬಣ್ಣದ್ದು, ನಿನಗೆ ನೆನಪಿಲ್ಲದಿದ್ದರೆ ಬಂದು ನೋಡು. ಮಾತಾಡಿದರೆ ಮಾತು ವಾಪಸು ಕೇಳಿಸುತ್ತದೆ, ಅಷ್ಟು ಖಾಲಿ.

ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ನನ್ನ ಮೇಲಿನದು ಅದಕ್ಕಿಂತ ದೊಡ್ಡದಾಗಿದೆ, ಹಾಗಾಗಿ ನಿನ್ನದಕ್ಕೆ ಜಾಗ ಸಾಲುತ್ತಿಲ್ಲ. ಮೋರಿಯ ಸುದ್ದಿ ಓದಿ ಅತ್ತೆ. ನಾನು ಕಿಟಕಿಯಲ್ಲಿ ನಿಂತದ್ದು ನೀನು ತಿರುಗಿ ನೋಡುತ್ತೀಯಾ ಎಂದು.

ಈಗ ನಿನಗೆ ಯಾವ ನೆಪವೂ ಇಲ್ಲ. ಬಾ. ಊಟ ಮಾಡು.

ಅಕ್ಕ

*

ಮೇ 19

ಅಕ್ಕಾ,

ಭಾನುವಾರ ಬೆಳಿಗ್ಗೆಯ ರೈಲಿಗೆ ಬಂದಿಳಿಯುತ್ತೇನೆ. ಪುಡಿ ತರುವುದಿಲ್ಲ, ಕೈಗವಸು ತರುವುದಿಲ್ಲ. ದಾರಿಯಲ್ಲಿ ಏನೂ ತಿನ್ನುವುದಿಲ್ಲ, ಹಸಿದುಕೊಂಡೇ ಬರುತ್ತೇನೆ. ಅನ್ನ ಜಾಸ್ತಿ ಇಡು.

ತಂಗಿ

*

ಮೇ 29

ಅಕ್ಕಾ,

ಬಂದು ತಲುಪಿದೆ. ಈ ಸಲ ಬಟ್ಟೆ ನೆನೆಹಾಕಲಿಲ್ಲ! ಅದನ್ನೇ ತೊಟ್ಟು ಮರುದಿನ ಕಚೇರಿಗೂ ಹೋದೆ.

ನಿನ್ನ ಮನೆ ನೋಡಿ ಕಣ್ಣು ತುಂಬಿತು. ಆ ಹಸಿರು ನೆಲದ ಮೇಲೆ ಕಾಲು ಚಾಚಿ ಕೂತು, ನಿನ್ನ ಕೈಯಡುಗೆಯನ್ನು ಎರಡೆರಡು ಸಲ ಬಡಿಸಿಕೊಂಡು ಉಂಡೆನಲ್ಲ, ಹನ್ನೊಂದು ವರ್ಷದ ಭಾರ ಇಳಿದ ಹಾಗಾಯಿತು. ನಾನು ಮಾಡಿದ ರೀತಿ ಹೊಲಸು, ಒಪ್ಪುತ್ತೇನೆ. ಆದರೆ ಆದದ್ದು ಒಳ್ಳೆಯದೇ ಆಯಿತು ಅನಿಸುವುದಿಲ್ಲವೇ? ಇನ್ನು ನಮ್ಮಿಬ್ಬರ ನಡುವೆ ಅಡ್ಡ ಏನೂ ಇಲ್ಲ.

ನೀನು ಮಾತ್ರ ಯಾಕೋ ಮಂಕಾಗಿದ್ದೆ. ಸರಿಯಾಗಿ ಉಣ್ಣಲೂ ಇಲ್ಲ. ಸುಣ್ಣದ ವಾಸನೆಗೆ ತಲೆನೋವು ಅಂದೆ. ಕಿಟಕಿ ತೆರೆದಿಡು, ಹೋಗುತ್ತದೆ.

ನಿನ್ನ ತಂಗಿ

*

ಜೂನ್ 8

ಸೋಪಮ್ಮ,

ತಲೆನೋವಿರಲಿಲ್ಲ. ನೀನು ನಿನ್ನ ಹೊಟ್ಟೆಯ ನಿಜ ಹೇಳಿದೆ, ನಾನೂ ಹೇಳಿಬಿಡುತ್ತೇನೆ.

ನಾನು ಅನ್ನದ ಪಾತ್ರೆ ತರಲು ಒಳಗೆ ಹೋಗಿದ್ದೆನಲ್ಲ, ಆಗ ನೀನು ಕರ್ಚೀಫು ತೆಗೆದು ತಟ್ಟೆ ಒರೆಸಿದೆ. ಮೊದಲು ಒಳಗೆ, ಆಮೇಲೆ ಅಂಚು, ಆಮೇಲೆ ತಿರುಗಿಸಿ ಅಡಿ. ಕರ್ಚೀಫನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅದರಲ್ಲಿ ಏನೂ ಇರಲಿಲ್ಲ. ಆದರೂ ಲೋಟವನ್ನೂ ಒರೆಸಿದೆ. ನಾನು ಪಾತ್ರೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ನೀನು ಕರ್ಚೀಫು ಒಳಗಿಡುವ ತನಕ ಕಾದು, ಕೆಮ್ಮಿ, ಬಂದೆ.

ಅದು ಹೊಸ ತಟ್ಟೆ. ನಿನಗೆಂದೇ ಅಂಗಡಿಯಿಂದ ತಂದು ಅವತ್ತು ಬೆಳಿಗ್ಗೆ ಕುದಿಯುವ ನೀರಿನಲ್ಲಿ ತೊಳೆದಿದ್ದೆ.

ನೀನು ಬೇಕೆಂದು ಮಾಡಲಿಲ್ಲ, ಗೊತ್ತು. ಬಾಯಿ ಏನೋ ಮಾತಾಡುತ್ತಿತ್ತು, ಕೈ ತಾನಾಗಿ ತನ್ನ ಕೆಲಸ ಮಾಡಿತು. ಬೇಕೆಂದು ಮಾಡಿದ್ದರೆ ಜಗಳವಾಡುತ್ತಿದ್ದೆ. ನೀನು ಹೇಸುವುದು ಡಬ್ಬಿಗೆ, ಗಂಟಿಗೆ, ಇಲಿಗೆ ಎಂದುಕೊಂಡು ಎಲ್ಲವನ್ನೂ ಕಿಟಕಿಯಿಂದ ಇಳಿಸಿದೆ. ಈಗ ಈ ಮನೆಯಲ್ಲಿ ಉಳಿದಿರುವುದು ನಾನೊಬ್ಬಳು. ನನ್ನನ್ನು ಎಲ್ಲಿಗೆಂದು ಇಳಿಸಲಿ? ನೀನು ಹೋದ ಮೇಲೆ ನನ್ನ ಕೈಯನ್ನು ಮೂಸಿ ನೋಡಿಕೊಂಡೆ. ಸೋಪಿನ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ.

ಇದಕ್ಕೆ ಉತ್ತರ ಬರೆಯಬೇಡ. ತಪ್ಪಾಯಿತು ಎಂದು ಬರೆಯುತ್ತೀಯ, ಮುಂದಿನ ಸಲ ಕರ್ಚೀಫನ್ನು ಹಿಡಿದು ಹಿಡಿದು ಕೂರುತ್ತೀಯ, ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಅದು ಬೇಡ. ಬರುವಾಗ ನಿನ್ನ ತಟ್ಟೆ, ಲೋಟ ನೀನೇ ತಂದುಬಿಡು. ಸೌಟು ತಾಗದ ಹಾಗೆ ಮೇಲಿನಿಂದ ಬಡಿಸುತ್ತೇನೆ. ಬರುವುದನ್ನು ಮಾತ್ರ ನಿಲ್ಲಿಸಬೇಡ.

ಅಕ್ಕ